ಮೋಟಾರು ದೋಣಿಯ ತಳದಲ್ಲಿ ನಿಲ್ಲುವ ನೀರು

ಒಕ್ಕಲುತನದ ಪುಟದಲ್ಲಿ ದೋಣಿಯ ಮಾತು ಯಾಕೆ ಎಂದು ನಮ್ಮ ವಾಚಕರು ಕೇಳಬಹುದು. ಸಲಗರ ಬುದ್ರುಕದ ಒಕ್ಕಲಿಗನಿಗೆ ಜೋಳ, ತೊಗರಿ, ಕಬ್ಬಿನ ಚಿಂತೆಯೇ ಸಾಕಷ್ಟು ಉಂಟು. ಹೊಳೆ ದಾಟಿಸುವದು ಅಂಬಿಗರ ಕೆಲಸ. ಒಂದು ಕಾಲಕ್ಕೆ ಈ ಮಾತು ಸರಿಯಾಗಿತ್ತು. ಆದರೆ 2020ನೆಯ ಇಸವಿಯ ಅಕ್ಟೋಬರದಲ್ಲಿ ಭೀಮೆ ಉಕ್ಕಿ ಬಂದಾಗ ಅವಳ ದಂಡೆಯ ಊರುಗಳಿಂದ, ಮಹಾರಾಷ್ಟ್ರದ ಕಡೆಯಲ್ಲೂ ಕರ್ನಾಟಕದ ಕಡೆಯಲ್ಲೂ, ಜನರನ್ನು ದೋಣಿಗಳಲ್ಲಿ ಹೊರಗೆ ತರಬೇಕಾಯಿತು. 2025ರ ಸಪ್ಟೆಂಬರದಲ್ಲಿ ಸೀನಾ ನದಿ ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಅದೇ ಗತಿ ಮಾಡಿತು. ನೆರೆಯ ಮಾತು ಬಿಟ್ಟರೂ, ಉಜನಿಯ ಒಡ್ಡು 1980ರಲ್ಲಿ ಮುಗಿದಂದಿನಿಂದ ಜಿಲ್ಲೆಯ ಪಡುವಣ ಅಂಚಿನಲ್ಲಿ ಸುಮಾರು 117 ಟಿಎಂಸಿ ನೀರು ಹಿಡಿಯುವ ಕೆರೆಯೊಂದು ಹರಡಿದೆ. ಅದರ ಹಿನ್ನೀರಿನಲ್ಲಿ ಮೀನು ಹಿಡಿಯುವದು, ಆಚೆ ದಂಡೆಗೆ ಹೋಗುವದು ಎಲ್ಲ ಮೋಟಾರು ದೋಣಿಯ ಮೇಲೆಯೇ. ನಮ್ಮ ತಾಲೂಕಿನ ಬೋರಿ ಹೊಳೆಗೂ ಕುರನೂರಿನ ಹತ್ತಿರ ಒಡ್ಡು ಬಿದ್ದಿದೆ. ಹೀಗಾಗಿ ಅಜ್ಜನ ಕಾಲದಲ್ಲಿ ದೋಣಿಯ ಮುಖ ನೋಡದ ಮನೆತನದವರೂ ಈಗ ಒಮ್ಮೊಮ್ಮೆ ಹೆಂಡಿರು ಮಕ್ಕಳನ್ನು ಕರೆದುಕೊಂಡು ದೋಣಿಯಲ್ಲಿ ಕೂಡುತ್ತಾರೆ.

2024ರ ಮೇ 21ರ ಸಂಜೆ ಕರಮಾಳಾ ತಾಲೂಕಿನ ಕೂಗಾವದಿಂದ ಇಂದಾಪುರ ತಾಲೂಕಿನ ಕಳಾಶಿಗೆ ಹೊರಟ ದೋಣಿಯೊಂದು ಉಜನಿಯ ಹಿನ್ನೀರಿನಲ್ಲಿ ಬಿರುಗಾಳಿಗೆ ಸಿಕ್ಕು ಮಗುಚಿತು. ಏಳು ಜನರಲ್ಲಿ ಒಬ್ಬರು ಈಜಿ ದಂಡೆ ಸೇರಿದರು. ಆರು ಜನ ನೀರಿನ ಪಾಲಾದರು, ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಬಿರುಗಾಳಿಯನ್ನು ತಡೆಯುವದು ಯಾರ ಕೈಯಲ್ಲೂ ಇಲ್ಲ. ಆದರೆ ಗಾಳಿ ಬಂದಾಗ ದೋಣಿಯು ಎಷ್ಟು ಗಟ್ಟಿಯಾಗಿ ನಿಲ್ಲುವದು ಎಂಬದು ಬಹಳ ಮಟ್ಟಿಗೆ ಅದರ ತಳದಲ್ಲಿ ಮೊದಲೇ ಎಷ್ಟು ನೀರು ನಿಂತಿತ್ತು, ಒಳಗೆ ನುಗ್ಗಿದ ನೀರು ಎಷ್ಟು ಬೇಗ ಹೊರಗೆ ಹೋದೀತು ಎಂಬದರ ಮೇಲೆ ನಿಂತಿದೆ. ಇದು ಬಸಿಗಾಲುವೆಯ ಪ್ರಶ್ನೆ. ಬಸಿಗಾಲುವೆಯ ಮಾತನ್ನು ಎರೆಭೂಮಿಯ ಒಕ್ಕಲಿಗನಿಗಿಂತ ಚೆನ್ನಾಗಿ ಯಾರು ಬಲ್ಲರು?

ಹಳೆಯ ಹರಗೋಲನ್ನು ನೆನಪಿಗೆ ತಂದುಕೊಳ್ಳಿರಿ. ಅದು ಬುಟ್ಟಿಯಂತೆ, ಒಂದು ಬೊಗಸೆ ನೀರು ಬಂದರೂ ಕೂತವರ ಕಾಲಿಗೆ ತಾಗುವದು, ಒಡನೆ ಯಾರಾದರೂ ಡಬ್ಬಿಯಿಂದ ಮೊಗೆದು ಚೆಲ್ಲುವರು. ನೆರೆಯಲ್ಲಿ ಬೆಲ್ಲದ ಕೊಪ್ಪರಿಗೆಯಲ್ಲಿ ಕುಳಿತು ಹೊಳೆ ದಾಟಿದವರ ಅನುಭವವೂ ಇದೇ. ಮೋಟಾರು ದೋಣಿಯ ರಚನೆ ಬೇರೆ. ಅದಕ್ಕೆ ಎರಡು ತಳ ಉಂಟು. ನೀರಿಗೆ ತಾಗುವ ಹೊರತಳ ಒಂದು. ಅದರ ಮೇಲೆ ಜನರು ಕಾಲಿಡುವ ಹಾಸು ಹಲಗೆ ಇನ್ನೊಂದು. ಹಾಸಿನ ಮೇಲಿನ, ಜನ ಕೂಡುವ ತೆರೆದ ಜಾಗಕ್ಕೆ ದೋಣಿಯವರು ಕಾಕ್‌ಪಿಟ್ ಎನ್ನುತ್ತಾರೆ. ಹಾಸಿನ ಕೆಳಗಿನ ಸಂದಿಗೆ ಬಿಲ್ಜ್ ಎಂದು ಹೆಸರು. ನಾವು ಅದನ್ನು ತಳಗುಂಡಿ ಎಂದು ಕರೆಯೋಣ. ಹಾಸು ಬಂದದ್ದರಿಂದ ಕಾಲಿಗೆ ಕೆಸರು ತಾಗುವದು ತಪ್ಪಿತು, ನಿಜ. ಆದರೆ ನೀರು ಕಣ್ಣಿಗೆ ಮರೆಯಾಯಿತು. ಮೇಲೆ ಹಲಗೆ ಒಣಗಿರುವದು, ಕೆಳಗೆ ಮೊಳಕಾಲ ಮಟ್ಟ ನೀರು ನಿಂತಿರುವದು.

ಈ ನೀರಿನ ತೂಕವನ್ನು ಲೆಕ್ಕ ಹಾಕಿ ನೋಡೋಣ. ತಳವು ನಾಲ್ಕು ಮೀಟರು ಉದ್ದ, ಒಂದೂವರೆ ಮೀಟರು ಅಗಲ ಇದೆಯೆನ್ನಿರಿ. ಅದರಲ್ಲಿ ಹತ್ತು ಸೆಂಟಿಮೀಟರು, ಅಂದರೆ ಅರ್ಧ ಗೇಣಿಗೂ ಕಡಿಮೆ ನೀರು ನಿಂತರೆ 600 ಲೀಟರು ಆಯಿತು. ಲೀಟರಿಗೆ ಒಂದು ಕಿಲೋ. ಆರು ಕ್ವಿಂಟಲು ತೂಕ. ಹತ್ತು ಜನ ಹೆಚ್ಚಿಗೆ ಹತ್ತಿ ಕುಳಿತಂತೆ, ಆದರೆ ಯಾರ ಕಣ್ಣಿಗೂ ಕಾಣದಂತೆ. ತೆರೆದ ದೋಣಿ ಆರು ಮೀಟರು ಉದ್ದ, ಎರಡು ಮೀಟರು ಅಗಲ ಇದ್ದು ಮಳೆಗಾಲದಲ್ಲಿ ರಾತ್ರಿ ದಂಡೆಗೆ ಕಟ್ಟಿಬಿಟ್ಟರೆ ಎರಡು ಅಂಗುಲದ ಒಂದೇ ಮಳೆ ಅದರಲ್ಲಿ ಇಷ್ಟೇ 600 ಲೀಟರು ತುಂಬಿಸಿಬಿಡುವದು. ತೂತು ಬೇಡ, ತೆರೆ ಬೇಡ.

ತೂಕ ಒಂದೇ ಆಗಿದ್ದರೆ ಇಷ್ಟು ಹೇಳುವ ಕಾರಣವಿರಲಿಲ್ಲ. ಆರು ಚೀಲ ಜೋಳವೂ ಆರು ಕ್ವಿಂಟಲೇ. ಜೋಳದ ಚೀಲ ಇಟ್ಟಲ್ಲಿ ಇರುವದು. ನೀರು ಇಟ್ಟಲ್ಲಿ ಇರುವದಿಲ್ಲ. ಚಕ್ಕಡಿಯಲ್ಲಿ ಅರ್ಧ ತುಂಬಿದ ನೀರಿನ ಬಾನಿ ಇಟ್ಟುಕೊಂಡು ಬದು ದಾಟಿದವರಿಗೆ ಇದು ಗೊತ್ತು: ಗಾಲಿ ಒಂದು ಕಡೆ ಇಳಿದ ಕ್ಷಣಕ್ಕೆ ನೀರೆಲ್ಲ ಅದೇ ಕಡೆ ಹೊಯ್ದಾಡಿ ಬಂಡಿಯನ್ನು ಇನ್ನಷ್ಟು ವಾಲಿಸುವದು. ದೋಣಿಯೂ ಹಾಗೆಯೇ. ಗಾಳಿಗೆ ಎಡಕ್ಕೆ ವಾಲಿದರೆ ಒಣ ದೋಣಿ ತಾನೇ ಮರಳಿ ನೆಟ್ಟಗಾಗುವದು. ತಳದಲ್ಲಿ ನೀರಿದ್ದರೆ ಅದೂ ಎಡಕ್ಕೆ ಓಡುವದು, ನೆಟ್ಟಗಾಗುವ ಶಕ್ತಿಯನ್ನು ತಿಂದುಹಾಕುವದು. ಇನ್ನೊಂದು ತೆರೆ ಬಂದರೆ ಅಂಚು ನೀರಿಗೆ ತಾಗುವದು, ಹೊರಗಿನ ನೀರು ಒಳಗೆ ಬರುವದು. ಆಮೇಲೆ ಮಗುಚುವದಕ್ಕೆ ನಿಮಿಷವೂ ಬೇಕಾಗುವದಿಲ್ಲ.

ಇಲ್ಲಿ ಲಕ್ಷ್ಯದಲ್ಲಿಡತಕ್ಕ ಸಂಗತಿಯೊಂದಿದೆ. ಈ ಕೆಡುಕು ನೀರಿನ ಆಳಕ್ಕಿಂತ ಅದು ಹರಡಿದ ಅಗಲವನ್ನು ಹೆಚ್ಚು ಅವಲಂಬಿಸಿದೆ. ಅಗಲ ಎರಡು ಪಟ್ಟು ಆದರೆ ಕೆಡುಕು ಎಂಟು ಪಟ್ಟು. ತೆಳ್ಳಗೆ ಹರಡಿದ ನೀರನ್ನು ‘ಇಷ್ಟರಿಂದ ಏನಾದೀತು’ ಎಂದು ಬಿಡಬಾರದು. ತಳದ ನಡುವೆ ಉದ್ದಕ್ಕೂ ನೀರು ದಾಟದಂಥ ಒಂದು ಗೋಡೆ ಎಬ್ಬಿಸಿ ಎರಡು ಭಾಗ ಮಾಡಿದರೆ ಕೆಡುಕು ನಾಲ್ಕನೆಯ ಒಂದು ಪಾಲಿಗೆ ಇಳಿಯುವದು. ಹೊಲದಲ್ಲಿ ದೊಡ್ಡ ಮಡಿ ಮಾಡಿದರೆ ನೀರು ತಗ್ಗಿನ ಕಡೆ ಹೋಗಿ ನಿಲ್ಲುತ್ತದೆಂದು ಸಣ್ಣ ಸಣ್ಣ ಮಡಿ ಕಟ್ಟುತ್ತೇವಲ್ಲ, ಅದೇ ಹಿಕಮತ್ತು. ದೊಡ್ಡ ಹಡಗುಗಳೂ ಈ ನಿಯಮಕ್ಕೆ ಹೊರತಲ್ಲ. 1987ರ ಮಾರ್ಚ 6ರಂದು ಬೆಲ್ಜಿಯಂ ದೇಶದ ಝೀಬ್ರುಗ ಬಂದರದಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಜ್’ ಎಂಬ ಹಡಗು ಮುಂಬಾಗಿಲು ಮುಚ್ಚದೆ ಹೋದದ್ದರಿಂದ ಮೋಟಾರು ನಿಲ್ಲಿಸುವ ಅಗಲವಾದ ಅಟ್ಟದ ಮೇಲೆ ನೀರು ಹರಡಿ, ದಂಡೆ ಇನ್ನೂ ಕಾಣುತ್ತಿರುವಾಗಲೇ ಮಗುಚಿ 193 ಜನ ಸತ್ತರು. ಆ ಅಟ್ಟದಲ್ಲಿ ಅಡ್ಡಗೋಡೆಗಳಿರಲಿಲ್ಲ.

ಈಗ ತೂತಿನ ಮಾತು. ಅನೇಕ ದೋಣಿಗಳ ಹಾಸಿನ ಮಟ್ಟದಲ್ಲಿ ಹಿಂಬದಿಯ ಗೋಡೆಗೆ ಒಂದೆರಡು ತೂತು ಇಟ್ಟಿರುತ್ತಾರೆ. ‘ನಮ್ಮ ದೋಣ್ಯಾಗ ನೀರು ನಿಂದರೂದುಲ್ರೀ, ತಾನ ಹೊರಗ ಹೋಗ್ತದ’ ಎಂದು ಹೇಳುವವರು ಈ ತೂತುಗಳನ್ನು ತೋರಿಸುವರು. ಹೋಗುವದು ನಿಜ; ಆದರೆ ಒಂದು ಷರತ್ತು ಇದೆ. ಹಳ್ಳದ ದಂಡೆಯ ಹೊಲಕ್ಕೆ ಬಸಿಗಾಲುವೆ ತೋಡಿದವನು ಮೊದಲು ಏನು ನೋಡುವನು? ಹೊಲ ಎತ್ತರವೋ, ಹಳ್ಳ ಎತ್ತರವೋ ಎಂದು ನೋಡುವನು. ಹಳ್ಳದ ನೀರು ಕೆಳಗಿದ್ದಾಗ ಹೊಲದ ನೀರು ಕಾಲುವೆಯಿಂದ ಹಳ್ಳಕ್ಕೆ ಇಳಿಯುವದು. ಹಳ್ಳ ತುಂಬಿ ಬಂದ ದಿನ ಅದೇ ಕಾಲುವೆಯಿಂದ ನೀರು ತಿರುಗಿ ಹೊಲಕ್ಕೆ ನುಗ್ಗುವದು. ದೋಣಿಯ ತೂತಿನ ನ್ಯಾಯವೂ ಇಷ್ಟೇ. ಹಾಸು ಹೊರಗಿನ ನೀರಿಗಿಂತ ಮೇಲಿದ್ದರೆ ತೂತು ಬಸಿಗಾಲುವೆ. ಕೆಳಗಿದ್ದರೆ ಅದೇ ತೂತು ತೂಬು.

ದಂಡೆಯಲ್ಲಿ ಬರಿದಾಗಿ ತೇಲುವ ದೋಣಿಯನ್ನು ನೋಡಿ ಇದನ್ನು ತೀರ್ಮಾನಿಸಬಾರದು. ಮೋಟಾರು, ಪೆಟ್ರೋಲಿನ ಡಬ್ಬಿ, ಬ್ಯಾಟರಿ, ನಡೆಸುವವನು ಎಲ್ಲರೂ ಹಿಂಬದಿಗೇ ಇರುವದರಿಂದ ಭಾರ ಬಿದ್ದಾಗ ದೋಣಿ ಹಿಂದಕ್ಕೆ ಕುಕ್ಕರಿಸುವದು, ತೂತುಗಳೂ ಅಲ್ಲಿಯೇ. ಆದ್ದರಿಂದ ತೂತಿಗೆ ಬೂಚು ಹಾಕಿ, ದಂಡೆಯ ಹತ್ತಿರ ಎದೆಮಟ್ಟದ ನೀರಿನಲ್ಲಿ, ದಿನಾಲು ಎಷ್ಟು ಜನ ಸಾಮಾನು ಹೇರುತ್ತಾರೋ ಅಷ್ಟನ್ನೂ ಹೇರಿ, ಹೊರಗಿನ ನೀರು ತೂತಿಗೆ ಎಷ್ಟು ಕೆಳಗೆ ನಿಂತಿದೆ ಎಂದು ಅಳೆಯತಕ್ಕದ್ದು. ನಾಲ್ಕು ಬೆರಳಾದರೂ ಅಂತರ ಇಲ್ಲದಿದ್ದರೆ ಆ ದೋಣಿಗೆ ತಾನೇ ಬಸಿಯುವ ಗುಣ ಇಲ್ಲವೆಂದು ತಿಳಿದು ತೂತನ್ನು ಮುಚ್ಚಿಯೇ ನಡೆಸಬೇಕು, ನೀರನ್ನು ಮೊಗೆದು ಇಲ್ಲವೆ ಪಂಪಿನಿಂದ ತೆಗೆಯಬೇಕು. ಹೊರಗಿನಿಂದ ರಬ್ಬರಿನ ಮುಚ್ಚಳ ಜೋತುಬಿಟ್ಟು, ನೀರು ಹೊರಗೆ ಹೋಗಲಿ, ಒಳಗೆ ಬಾರದಿರಲಿ ಎಂದು ಮಾಡುವದುಂಟು. ಇದು ನಮ್ಮ ಬಾವಿಯ ಫುಟ್‌ವಾಲ್ವಿನ ತಮ್ಮನೇ ಸರಿ. ಫುಟ್‌ವಾಲ್ವಿನಲ್ಲಿ ಒಂದು ಕಡ್ಡಿ ಸಿಕ್ಕರೆ ಏನಾಗುವದೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ತೂತಿನ ಗಾತ್ರದಲ್ಲಿಯೂ ಮೋಸಹೋಗುವದುಂಟು. ಕಾಕ್‌ಪಿಟ್ಟಿನಲ್ಲಿ ಒಂದು ದೊಡ್ಡ ತೆರೆ ಆ 600 ಲೀಟರು ನೀರು ಸುರಿದು ಹೋಯಿತೆನ್ನಿರಿ. ಒಂದು ಅಂಗುಲದ ಎರಡು ತೂತುಗಳಿಂದ ಅದು ಬಸಿಯುವದಕ್ಕೆ ಇಪ್ಪತ್ತು ನಿಮಿಷದ ಮೇಲೆ ಬೇಕು. ನೀರು ಇಳಿದಂತೆ ಒತ್ತಡವೂ ಇಳಿಯುವದರಿಂದ ಕೊನೆಯ ನೀರು ತೀರ ಸಾವಕಾಶ ಹೋಗುವದು. ಅದೇ ತೂತುಗಳನ್ನು ಎರಡು ಅಂಗುಲ ಮಾಡಿದರೆ ಆರು ನಿಮಿಷ ಸಾಕು. ಬಿರುಗಾಳಿಯ ತೆರೆಗಳು ಆರು ನಿಮಿಷವೂ ಕಾಯುವದಿಲ್ಲವೆಂಬದು ಬೇರೆ ಮಾತು.

ತಳಗುಂಡಿಯದು ಇನ್ನೂ ಬಿಗಿಯಾದ ಲೆಕ್ಕ. ಅದು ಯಾವಾಗಲೂ ಹೊರಗಿನ ನೀರಿಗಿಂತ ಕೆಳಗೆ ಇರುವದು. ಅಲ್ಲಿಂದ ನೀರು ತಾನಾಗಿ ಹೊರಗೆ ಹೋಗುವ ಮಾತೇ ಇಲ್ಲ. ಓಡುವಾಗ ತಳದ ಬೂಚು ತೆಗೆದರೆ ವೇಗಕ್ಕೆ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವದೆಂದು ಕೆಲವರು ಹಾಗೆ ಮಾಡುತ್ತಾರೆ. ವೇಗದ ದೋಣಿಯಲ್ಲಿ ಅದು ಸುಳ್ಳಲ್ಲ. ಆದರೆ ಮೋಟಾರು ನಿಂತಿತೋ, ನೀರು ಒಳಗೆ ಬರಲಿಕ್ಕೆ ಹತ್ತಿತು. ನಡುನೀರಿನಲ್ಲಿ ಮೋಟಾರು ನಿಲ್ಲುವದಿಲ್ಲವೆಂದು ಯಾರು ಬರೆದುಕೊಟ್ಟಾರು? ಜನ ಕುಳಿತ ದೋಣಿಯಲ್ಲಿ ಈ ಕಸರತ್ತು ಬೇಡ.

ಒಂದು ಅಡಿ ಆಳದಲ್ಲಿ ಒಂದು ಅಂಗುಲದ ತೂತಿನಿಂದ ನಿಮಿಷಕ್ಕೆ ಸುಮಾರು 45 ಲೀಟರು, ನಮ್ಮ ಹೆಣ್ಣುಮಕ್ಕಳು ಹೊರುವ ಮೂರು ಕೊಡದಷ್ಟು ನೀರು ಒಳಗೆ ಬರುವದು. ಗಂಟೆಗೆ 2700 ಲೀಟರು. ಈಗ ಪೇಟೆಯಲ್ಲಿ ಸಿಗುವ ಸಣ್ಣ ವಿದ್ಯುತ್ ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 500 ಗ್ಯಾಲನ್ ಎಂದು ಬರೆದಿರುತ್ತದೆ. ಅದು ಹೆಚ್ಚಾಗಿ ಅಮೇರಿಕದ ಗ್ಯಾಲನ್, 3.8 ಲೀಟರಿನದು, ಅಂದರೆ ಗಂಟೆಗೆ 1900 ಲೀಟರು. ಅದೂ ನಳಿಗೆ ಇಲ್ಲದೆ, ಎತ್ತರಕ್ಕೆ ಏರಿಸದೆ, ಬ್ಯಾಟರಿ ಪೂರ್ತಿ ತುಂಬಿದ್ದಾಗ. ಮೇಲಕ್ಕೆ ಏರಿಸುವಾಗ ಎಷ್ಟು ಕಡಿಮೆಯಾಗುವದೆಂದು ಬಾವಿಯ ಪಂಪಿನ ಅನುಭವದಿಂದ ನಮಗೆ ಗೊತ್ತೇ ಇದೆ. ಪಂಪು ತೂತಿಗೆ ಉತ್ತರವಲ್ಲವೆಂಬದು ಈ ಎರಡು ಅಂಕಿಗಳಿಂದಲೇ ತಿಳಿಯುವದು. ಪಂಪು ಇರುವದು ಮಳೆಯ ನೀರು, ಸಿಡಿಯುವ ನೀರು, ಹನಿಯುವ ನೀರು ತೆಗೆಯುವ ಸಲುವಾಗಿ. ತೂತು ಬಿದ್ದರೆ ಮೊದಲು ಅರಿವೆಯನ್ನೋ ಕಟ್ಟಿಗೆಯ ಬೆಣೆಯನ್ನೋ ತುರುಕಿ ಬಾಯಿ ಕಟ್ಟಬೇಕು, ಆಮೇಲೆ ಪಂಪು. ಗಟ್ಟಿಮುಟ್ಟಾದ ಆಳು ಬಕೀಟಿನಿಂದ ಮೊಗೆದರೆ ಮೊದಲ ಕೆಲವು ನಿಮಿಷ ಸಣ್ಣ ಪಂಪನ್ನು ಸೋಲಿಸುವನು, ಆದರೆ ದಣಿಯುವನು. ಬ್ಯಾಟರಿಯೂ ದಣಿಯುವದು. ಆದ್ದರಿಂದ ಎರಡೂ ಇರತಕ್ಕದ್ದು, ಮತ್ತು ಬಕೀಟಿಗೆ ಹಗ್ಗ ಕಟ್ಟಿ ದೋಣಿಗೆ ಬಿಗಿದಿರತಕ್ಕದ್ದು.

ಪಂಪಿನ ನಳಿಗೆಯ ಹೊರಬಾಯಿ ನೀರಿನ ಮಟ್ಟಕ್ಕೆ ಹತ್ತಿರ ಇಡಬಾರದು. ದೋಣಿ ವಾಲಿದಾಗ ಬಾಯಿ ನೀರಿನಲ್ಲಿ ಮುಳುಗಿದರೆ, ಪಂಪು ನಿಂತ ಮೇಲೆ ಅದೇ ನಳಿಗೆಯಿಂದ ನೀರು ಹಿಂದಕ್ಕೆ ಹರಿಯುವದು. ಕಾಲುವೆಯಿಂದ ಬದುವಿನ ಮೇಲೆ ನಳಿಗೆ ಹಾಯಿಸಿ ನೀರು ಎಳೆದವರಿಗೆ ಈ ಆಟ ಹೊಸದಲ್ಲ. ನಳಿಗೆಯನ್ನು ಮೊದಲು ಅಂಚಿನವರೆಗೆ ಏರಿಸಿ, ಬಾಗಿಸಿ, ಆಮೇಲೆ ಹೊರಗೆ ಬಿಡಬೇಕು.

ನೀರು ಎಲ್ಲಿಂದ ಬರುವದೆಂದು ಹುಡುಕುವದೇ ಅರ್ಧ ಕೆಲಸ. ಸಮುದ್ರದವರಿಗೆ ಒಂದು ಸುಲಭ ಉಪಾಯ ಉಂಟು: ನಾಲಿಗೆಗೆ ಹಚ್ಚಿ ನೋಡಿದರೆ ಉಪ್ಪಾದರೆ ಕಡಲಿನದು, ಸಪ್ಪಗಿದ್ದರೆ ಮಳೆಯದು. ಭೀಮೆಯ ನೀರೂ ಸಪ್ಪಗೆ, ಮಳೆಯ ನೀರೂ ಸಪ್ಪಗೆ. ನಮ್ಮಲ್ಲಿ ಆ ಉಪಾಯ ನಡೆಯುವದಿಲ್ಲ. ನಾವು ಹೀಗೆ ಮಾಡಬೇಕು. ತಳವನ್ನು ಅರಿವೆಯಿಂದ ಒರೆಸಿ ಒಣಗಿಸಿ, ಮೇಲೆ ತಾಡಪತ್ರಿ ಹೊದಿಸಿ ಮಳೆಯನ್ನು ತಡೆದು, ದೋಣಿಯನ್ನು ರಾತ್ರಿಯಿಡೀ ತೇಲಲು ಬಿಡಬೇಕು. ಬೆಳಿಗ್ಗೆ ನೀರು ಬಂದಿದ್ದರೆ ಸಂದಿ, ಮೊಳೆ, ಬೂಚು ಇವುಗಳಲ್ಲಿ ಒಂದು ಸೋರುತ್ತಿದೆ. ಒಣಗಿಯೇ ಇದ್ದರೆ ಮೋಟಾರು ಹಚ್ಚಿ ಒಬ್ಬನೇ ಒಂದು ಸುತ್ತು ಹೋಗಿ ಬರಬೇಕು. ಆಗ ನೀರು ಕಂಡರೆ ಯಂತ್ರದ ನಳಿಗೆಯೋ, ದಂಡ ಹೊರಗೆ ಹೋಗುವ ಗ್ಲ್ಯಾಂಡೋ ಕಾರಣ.

ಯಂತ್ರವನ್ನು ದೋಣಿಯ ಒಳಗೆ ಕೂರಿಸಿದ್ದರೆ ಪಂಖಾ ತಿರುಗಿಸುವ ದಂಡ ತಳವನ್ನು ದಾಟಿ ಹೊರಗೆ ಹೋಗಲೇಬೇಕು. ಅಲ್ಲಿನ ಗ್ಲ್ಯಾಂಡಿಗೂ ನಮ್ಮ ಹೊಲದ ಪಂಪಿನ ಗ್ಲ್ಯಾಂಡಿಗೂ ಭೇದವಿಲ್ಲ. ಅದೇ ಗ್ರೀಸು ಹಚ್ಚಿದ ದಾರ, ಅದೇ ಬಿಗಿಯುವ ಬೋಲ್ಟು. ದಾರದ ಗ್ಲ್ಯಾಂಡು ಓಡುವಾಗ ನಿಮಿಷಕ್ಕೆ ಕೆಲವು ಹನಿ ಹಾಕುವದು ತಕ್ಕದ್ದೇ, ಆ ನೀರಿನಿಂದಲೇ ದಂಡ ತಂಪಾಗಿರುವದು. ಪೂರ್ತಿ ಬಿಗಿದರೆ ದಾರ ಸುಟ್ಟು ದಂಡ ಸವೆಯುವದು. ನಿಂತಾಗಲೂ ಹನಿಯುತ್ತಿದ್ದರೆ, ಇಲ್ಲವೆ ಧಾರೆಯಾಗಿ ಬಂದರೆ ದಾರ ಬದಲಿಸುವ ಕಾಲ ಬಂತು.

ಮರದ ದೋಣಿಯ ಸಂದಿ ಸೋರುವದು ಬೇಸಿಗೆಯ ನಂತರ ಹೆಚ್ಚು. ವೈಶಾಖದ ಬಿಸಿಲಿಗೆ ಚಕ್ಕಡಿಯ ಗಾಲಿ ಒಣಗಿ ಸಡಿಲಾದಾಗ ಹಳ್ಳದ ನೀರಿನಲ್ಲಿ ನೆನೆಯಿಡುತ್ತಿದ್ದೆವು. ದಂಡೆಯ ಮೇಲೆ ತಿಂಗಳುಗಟ್ಟಲೆ ಬಿದ್ದ ದೋಣಿಯನ್ನೂ ಜನ ಹತ್ತಿಸುವ ಮೊದಲು ಒಂದೆರಡು ದಿನ ನೀರಿನಲ್ಲಿ ನೆನೆಯಲು ಬಿಡಬೇಕು. ಹಲಗೆ ಉಬ್ಬಿ ಸಂದಿ ಕೂಡುವದು. ಆಮೇಲೂ ಸೋರಿದರೆ ಮಾತ್ರ ಸಂದಿ ತುಂಬುವ ಕೆಲಸ. ಕಬ್ಬಿಣದ ತಗಡಿನ ದೋಣಿಗೆ ಈ ಉಪಚಾರವಿಲ್ಲ. ಅದರ ತಳ ಹೊರಗಿನಿಂದಲ್ಲ, ಒಳಗೆ ನಿಂತ ನೀರಿನಿಂದಲೇ ತುಕ್ಕು ಹಿಡಿದು ತೆಳ್ಳಗಾಗುವದು, ಮೇಲಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುವದು.

ತಳದಲ್ಲಿ ಪಕ್ಕೆಲುಬಿನಂತೆ ಅಡ್ಡಪಟ್ಟಿಗಳಿರುತ್ತವೆ. ನೀರು ಒಂದು ಸಂದಿಯಿಂದ ಮತ್ತೊಂದಕ್ಕೆ ಹರಿದು ಪಂಪಿನ ಬುಡಕ್ಕೆ ಬರಲೆಂದು ಪ್ರತಿ ಪಟ್ಟಿಯ ಕೆಳಗೆ ಸಣ್ಣ ಕಂಡಿ ಬಿಟ್ಟಿರುತ್ತಾರೆ. ಮೀನಿನ ಪೊರೆ, ಬಲೆಯ ನೂಲು, ಎಲೆ, ಗುಟಕಾ ಚೀಟಿ ಇವೆಲ್ಲ ಸೇರಿ ಕಂಡಿಗಳು ಮುಚ್ಚಿದರೆ ಪಂಪಿನ ಬುಡ ಒಣಗಿರುವದು, ಮುಂಭಾಗದಲ್ಲಿ ನೀರು ಕೆರೆಯಂತೆ ನಿಂತಿರುವದು. ಹಳೆಯ ಹಡಗಿನವರು ಎಲ್ಲ ಕಂಡಿಗಳ ಮೂಲಕ ಒಂದೇ ಸಣ್ಣ ಸರಪಳಿ ಹಾಯಿಸಿಟ್ಟು, ಆಗಾಗ ಹಿಂದೆ ಮುಂದೆ ಎಳೆದು ಕಸ ಬಿಡಿಸುತ್ತಿದ್ದರು. ಇದಕ್ಕಿಂತ ಅಗ್ಗದ ಒಳ್ಳೆಯ ಉಪಾಯ ನಮಗೆ ತಿಳಿದಿಲ್ಲ. ನೈಲಾನ್ ಹಗ್ಗಕ್ಕೆ ಗಂಟು ಹಾಕಿಟ್ಟರೂ ನಡೆಯುವದು.

ಪೆಟ್ರೋಲಿನ ವಿಷಯದಲ್ಲಿ ಎರಡು ಮಾತು. ಅದರ ಆವಿ ಗಾಳಿಗಿಂತ ಭಾರ; ಚೆಲ್ಲಿದ ಪೆಟ್ರೋಲು ತಳಗುಂಡಿಯ ನೀರಿನ ಮೇಲೆ ತೇಲುವದು, ಆವಿ ಹಾಸಿನ ಕೆಳಗೇ ಕೂಡುವದು. ವಾಸನೆ ಬಂದರೆ ಹಲಗೆ ಎತ್ತಿ ಗಾಳಿಯಾಡಿಸುವವರೆಗೆ ಪಂಪಿನ ಸ್ವಿಚ್ಚನ್ನೂ ಮುಟ್ಟಬಾರದು, ಬೀಡಿಯ ಮಾತಂತೂ ದೂರ. ಎಣ್ಣೆ ಬೆರೆತ ನೀರನ್ನು ಹಾಗೆಯೇ ಹೊರಗೆ ಚೆಲ್ಲುವದೂ ತರವಲ್ಲ. ಉಜನಿಯ ನೀರನ್ನೇ ಸೊಲ್ಲಾಪುರ ಶಹರವು ಕುಡಿಯುತ್ತದೆ. ಅರಿವೆಯಿಂದಲೋ ಕಟ್ಟಿಗೆಯ ಹೊಟ್ಟಿನಿಂದಲೋ ಎಣ್ಣೆಯನ್ನು ಮೊದಲು ಹೀರಿ ತೆಗೆಯಬೇಕು.

ನಡೆಸುವವರಿಗೆ ಇನ್ನೊಂದು ಸೂಚನೆ. ವೇಗವಾಗಿ ಹೋಗುವ ದೋಣಿಯನ್ನು ಒಮ್ಮೆಗೇ ನಿಲ್ಲಿಸಿದರೆ ಹಿಂದೆ ಎದ್ದ ಅದರದೇ ತೆರೆ ಬಂದು, ಮೋಟಾರಿನ ಸಲುವಾಗಿ ತಗ್ಗಿಸಿದ ಹಿಂಬದಿಯ ಗೋಡೆಯನ್ನು ಹತ್ತಿ ಒಳಗೆ ಸುರಿಯುವದು. ತಳದಲ್ಲಿ ಮೊದಲೇ ನೀರಿದ್ದು ಹಿಂಬದಿ ಕುಸಿದಿದ್ದರೆ ಇದು ಇನ್ನೂ ಸುಲಭ. ವೇಗವನ್ನು ಮೆಲ್ಲಗೆ ಇಳಿಸಬೇಕು.

ಬರಿ ಪ್ರಯಾಣಿಕರಾಗಿ ಕೂಡುವ ನಮ್ಮಂಥವರು ಏನು ಮಾಡಬೇಕು? ಯಂತ್ರದ ದೋಣಿಗಳಿಗೆ ನೋಂದಣಿ, ತಪಾಸಣೆ ಆಗಬೇಕೆಂದು 1917ರ ಹಳೆಯ ಕಾಯ್ದೆಯ ಬದಲು 2021ರಲ್ಲಿ ಹೊಸ ಒಳನಾಡು ಜಲಯಾನ ಕಾಯ್ದೆ ಆಗಿದೆ. ಕಾಯ್ದೆ ದಂಡೆಗೆ ಬಂದು ನಿಲ್ಲುವ ತನಕ ನಮ್ಮ ಕಣ್ಣು ನಮಗೆ ಇರಲಿ. ಹತ್ತುವ ಮೊದಲು ‘ಅಣ್ಣಾ, ಒಂದು ಹಲಿಗಿ ಎತ್ತಿ ತೋರಸು’ ಎಂದು ಕೇಳುವದರಲ್ಲಿ ಅವಮಾನವಿಲ್ಲ. ಒಳ್ಳೆಯ ಅಂಬಿಗನು ಬೇಸರಿಸುವದೂ ಇಲ್ಲ. ಹಲಗೆಯ ಕೆಳಗೆ ನೀರು ಹೊಳೆದರೆ ಅದನ್ನು ತೆಗೆದ ಮೇಲೆಯೇ ಕಾಲಿಡಬೇಕು. ಮೊಗೆಯುವ ಬಕೀಟು ಎಲ್ಲಿದೆ, ತೇಲು ಅಂಗಿಗಳು ಎಷ್ಟಿವೆ ಎಂದು ನೋಡಬೇಕು. ಅಂಗಿಯನ್ನು ಗಂಟು ಕಟ್ಟಿ ಮೂಲೆಗೆ ಒಗೆದಿದ್ದರೆ ಪ್ರಯೋಜನವಿಲ್ಲ, ಮೊದಲು ಮಕ್ಕಳಿಗೆ ತೊಡಿಸಬೇಕು. ನಡುವೆ ದೋಣಿ ವಾಲಿದ ಮೇಲೆ ಮೊದಲಿನಂತೆ ಚಟ್ಟನೆ ನೆಟ್ಟಗಾಗದೆ, ಸೋಮಾರಿಯಂತೆ ಆ ಕಡೆಯೇ ತುಸು ಹೊತ್ತು ನಿಂತು ಮೆಲ್ಲಗೆ ಏಳುತ್ತಿದ್ದರೆ ಅದು ತಳದ ನೀರಿನ ಗುರುತು. ಆಗ ಯಾರೂ ಎದ್ದು ನಿಲ್ಲಬಾರದು, ನೋಡಲೆಂದು ಒಂದೇ ಕಡೆ ಸರಿಯಬಾರದು. ಕೂತಲ್ಲಿಂದಲೇ ಕೆಳಗಿಳಿದು ಹಾಸಿನ ಮೇಲೆ ಕೂಡಬೇಕು, ಅಂಬಿಗನಿಗೆ ಹೇಳಿ ಹತ್ತಿರದ ದಂಡೆಗೆ ತಿರುಗಿಸಬೇಕು.

ಗ್ರಾಮ ಪಂಚಾಯತಿಯವರೋ ಮೀನುಗಾರರ ಸಂಘದವರೋ ನೆರೆಯ ಸಲುವಾಗಿ ದೋಣಿ ಇಟ್ಟುಕೊಂಡಿದ್ದರೆ ಅದನ್ನು ದಂಡೆಗೆ ಎಳೆದಿಟ್ಟಾಗ ಮುಂಭಾಗವನ್ನು ತುಸು ಎತ್ತರಿಸಿ, ತಳದ ಬೂಚು ತೆಗೆದಿಡಬೇಕು. ಮಳೆಯ ನೀರು ಹಿಂದಕ್ಕೆ ಹರಿದು ತಾನೇ ಹೋಗುವದು. ಸಣ್ಣದಾದರೆ ಬೋರಲು ಹಾಕುವದೇ ಉತ್ತಮ. ಆದರೆ ಹೀಗೆ ತೆಗೆದಿಟ್ಟ ಬೂಚು ನೆರೆಯ ರಾತ್ರಿ ಕತ್ತಲೆಯಲ್ಲಿ ಸಿಗುವದಿಲ್ಲ. ಅದಕ್ಕೆ ಒಂದು ದಾರ ಪೋಣಿಸಿ ಮೋಟಾರಿನ ಕೀಲಿಕೈಗೆ ಕಟ್ಟಿಡಿರಿ, ಇನ್ನೊಂದು ಬೂಚನ್ನು ದೋಣಿಯಲ್ಲಿಯೇ ಮೊಳೆಗೆ ತೂಗಹಾಕಿರಿ.